ಕೆಲವೇ ತಿಂಗಳಲ್ಲಿ ಬಂದ ಅರ್ಹತೆ

ವಿರಾಜಪೇಟೆಯ ಹೆಣ್ಣುಮಗಳೊಬ್ಬರು ಭಾರತ ಸರ್ಕಾರದ ಮೇಲೆ ಹೂಡಿದ ಮೊಕದ್ದಮೆಯೊಂದನ್ನು ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಪಾಠ ಮಾಡುತ್ತಾರೆ. ‘ಸಿ.ಬಿ. ಮುತ್ತಮ್ಮ ವಿರುದ್ಧ ಭಾರತ ಒಕ್ಕೂಟ’ ಎಂದು ಅದರ ಹೆಸರು. ತೀರ್ಪು ಬಂದದ್ದು 1979ರ ಸೆಪ್ಟೆಂಬರಿನಲ್ಲಿ. ತಮಾಷೆಯೆಂದರೆ ಆ ಮೊಕದ್ದಮೆಯನ್ನು ಮುತ್ತಮ್ಮ ಗೆಲ್ಲಲಿಲ್ಲ. ಸುಪ್ರೀಂ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಆದರೆ ವಜಾ ಮಾಡುವ ಮುಂಚೆ ಸರ್ಕಾರಕ್ಕೆ ನ್ಯಾಯಮೂರ್ತಿಗಳು ಮಾಡಿದ ಮಂಗಳಾರತಿ ಎಷ್ಟೋ ಮೊಕದ್ದಮೆ ಗೆದ್ದವರಿಗೂ ನೋಡಸಿಕ್ಕಿರಲಾರದು.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರಲ್ಲಿ. ತಂದೆ ಅರಣ್ಯಾಧಿಕಾರಿ. ಮಗಳಿಗೆ ಒಂಬತ್ತು ವರ್ಷವಿದ್ದಾಗ ಅವರು ತೀರಿಕೊಂಡರು. ನಾಲ್ಕು ಮಕ್ಕಳನ್ನು ಓದಿಸಿಯೇ ತೀರುತ್ತೇನೆಂದು ತಾಯಿ ಹಟ ಹಿಡಿದರು. ಮಡಿಕೇರಿಯ ಶಾಲೆ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಸ್ವತಂತ್ರ ಭಾರತದ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಪಾಸಾದ ಮೊದಲ ಮಹಿಳೆ ಇವರು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಸೇರುವುದು ಬೇಡ ಎಂದು ಸಂದರ್ಶನ ಮಂಡಳಿಯ ಅಧ್ಯಕ್ಷರೇ ಬುದ್ಧಿ ಹೇಳಿ ನೋಡಿದ್ದರಂತೆ. ಕೇಳದೆ ಸೇರಿದವರ ಕೈಯಲ್ಲಿ ಒಂದು ಮುಚ್ಚಳಿಕೆ ಬರೆಸಿಕೊಂಡರು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ.

ಇಲ್ಲೊಂದು ವಿಚಿತ್ರವಿದೆ. ಆ ಹೊತ್ತಿಗೆ ಪ್ರಧಾನಿ ನೆಹರೂ ಅವರ ತಂಗಿ ವಿಜಯಲಕ್ಷ್ಮಿ ಪಂಡಿತರು ಮಾಸ್ಕೋದಲ್ಲಿ ಭಾರತದ ರಾಯಭಾರಿಯಾಗಿದ್ದು, ವಾಷಿಂಗ್ಟನ್‌ಗೂ ರಾಯಭಾರಿಯಾಗಿಯೇ ಹೊರಟಿದ್ದರು. ಅವರು ಮದುವೆಯಾಗಿ ಮೂರು ಹೆಣ್ಣುಮಕ್ಕಳನ್ನು ಸಾಕಿದ ತಾಯಿ. ಹೆಂಗಸು, ಅದರಲ್ಲೂ ಸಂಸಾರಸ್ಥೆ, ರಾಯಭಾರದ ಕೆಲಸಕ್ಕೆ ಆಗಿಬರುವುದಿಲ್ಲ ಎಂದು ಹೇಳಲು ಯಾರಿಗೂ ಬಾಯಿರಲಿಲ್ಲ. ದೊಡ್ಡ ಮನೆಯಿಂದ ಮೇಲಿನ ಮೆಟ್ಟಿಲಿಗೇ ನೇರವಾಗಿ ಬಂದರೆ ಹೆಣ್ಣುತನ ಅಡ್ಡಿಯಲ್ಲ, ಪರೀಕ್ಷೆ ಬರೆದು ಕೆಳಗಿನ ಮೆಟ್ಟಿಲಿನಿಂದ ಹತ್ತುವವರಿಗೆ ಮಾತ್ರ ಅಡ್ಡಿ. ಈ ಲೆಕ್ಕಾಚಾರ ನಮ್ಮ ಕಚೇರಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

ಮೊದಲ ನೇಮಕ ಪ್ಯಾರಿಸ್. ಆಮೇಲೆ ರಂಗೂನ್, ಲಂಡನ್, ದೆಹಲಿಯ ಮೇಜುಗಳು. 1970ರಲ್ಲಿ ಹಂಗೆರಿಗೆ ರಾಯಭಾರಿ. ಸೇವೆಯ ಒಳಗಿನಿಂದಲೇ ಮೇಲೆ ಬಂದು ರಾಯಭಾರಿಯಾದ ಮೊದಲ ಮಹಿಳೆ. ಆಮೇಲೆ ಘಾನಾ. ಇಷ್ಟೆಲ್ಲ ಆದಮೇಲೆ ಸೇವೆಯ ಅತ್ಯುನ್ನತ ದರ್ಜೆಗೆ ಬಡ್ತಿ ಕೊಡುವ ಸರದಿ ಬಂದಾಗ ಅವರ ಹೆಸರನ್ನು ದಾಟಿ ಪಟ್ಟಿ ಮುಂದೆ ಹೋಯಿತು. ಕಾರಣ ಕೇಳಿದರೆ ಅರ್ಹತೆ ಸಾಲದು ಎಂದರು. ಮುತ್ತಮ್ಮ ಕೋರ್ಟಿಗೆ ಹೋದರು.

ಕೋರ್ಟಿನಲ್ಲಿ ನಿಯಮದ ಪುಸ್ತಕ ಬಿಚ್ಚಿದಾಗ ಏನೇನಿತ್ತು ಗೊತ್ತೆ? 1961ರ ನಡತೆ ಮತ್ತು ಶಿಸ್ತಿನ ನಿಯಮಗಳಲ್ಲಿ 8(2) ಎಂಬುದೊಂದು. ಸೇವೆಯಲ್ಲಿರುವ ಮಹಿಳೆ ಮದುವೆಯಾಗುವ ಮುಂಚೆ ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡ ಬರುತ್ತಿದೆ ಎಂದು ಸರ್ಕಾರಕ್ಕೆ ಮನವರಿಕೆಯಾದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ನೇಮಕಾತಿ ನಿಯಮಗಳಲ್ಲಿ 18(4) ಎಂಬುದು ಇನ್ನೊಂದು. ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕವಾಗುವುದು ಹಕ್ಕಲ್ಲ. ಸಂವಿಧಾನ ಬಂದು ಹನ್ನೊಂದು ವರ್ಷವಾದ ಮೇಲೆ, ಅದೇ ಸಂವಿಧಾನದ ಮೇಲೆ ಪ್ರಮಾಣ ಮಾಡಿದವರು ಬರೆದ ನಿಯಮಗಳಿವು.

ಪೀಠದಲ್ಲಿದ್ದವರು ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಸಿಂಘಲ್. ಕೃಷ್ಣ ಅಯ್ಯರ್ ಅವರ ಇಂಗ್ಲಿಷು ಬಲು ಭಾರದ್ದು, ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಬೇಕು. ಆದರೆ ಈ ತೀರ್ಪಿನಲ್ಲಿ ಅವರು ಎತ್ತಿದ ಪ್ರಶ್ನೆ ಹಳ್ಳಿಯ ಅಜ್ಜಿಗೂ ತಿಳಿಯುವಂಥದ್ದು: ಸಂಸಾರದ ತಾಪತ್ರಯ ಹೆಣ್ಣಿನ ಕೆಲಸಕ್ಕೆ ಅಡ್ಡ ಬರುವುದಾದರೆ ಗಂಡಿನ ಕೆಲಸಕ್ಕೂ ಬರಬೇಕಲ್ಲ? ಹೆಣ್ಣು ಗಂಡು ಎಲ್ಲ ಕೆಲಸಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಒಂದೇ ಎಂದು ತಾವೇನೂ ಸಾರುತ್ತಿಲ್ಲ ಎಂದು ಪೀಠ ಅದೇ ಉಸಿರಿನಲ್ಲಿ ಒಂದು ಬೇಲಿಯನ್ನೂ ಹಾಕಿಕೊಂಡಿತು. ತೀರ್ಪನ್ನು ಹೊಗಳುವವರು ಈ ಬೇಲಿಯನ್ನು ಮರೆತೇ ಹೊಗಳುತ್ತಾರೆ.

ಹಾಗಿದ್ದರೂ ಅರ್ಜಿ ವಜಾ ಆದದ್ದೇಕೆ? ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಮುತ್ತಮ್ಮನವರಿಗೆ ಬಡ್ತಿ ಕೊಟ್ಟು ನೆದರ್ಲೆಂಡ್ಸ್‌ನ ಹೇಗ್‌ಗೆ ರಾಯಭಾರಿ ಮಾಡಿಬಿಟ್ಟಿತ್ತು. 18(4) ಕಿತ್ತುಹಾಕಿದ್ದೇವೆ, 8(2)ನ್ನೂ ತೆಗೆಯುತ್ತಿದ್ದೇವೆ ಎಂದು ಹೇಳಿತು. ಕೇಳಿದ್ದೆಲ್ಲ ಸಿಕ್ಕಿತಲ್ಲ, ಇನ್ನೇನು ಉಳಿಯಿತು ಎಂಬ ಲೆಕ್ಕ. ಕೆಲವು ತಿಂಗಳ ಹಿಂದೆ ಸಾಲದಿದ್ದ ಅರ್ಹತೆ ಈಗ ಸಾಕಾಗಿದೆ ಎಂಬುದನ್ನು ಪೀಠ ತಣ್ಣಗೆ ದಾಖಲಿಸಿತು. ನಡುವಿನ ತಿಂಗಳುಗಳಲ್ಲಿ ಕಿರಿಯರು ಮುಂದೆ ಹೋಗಿದ್ದರಿಂದ ಆಕೆಯ ಸೇವಾ ಹಿರಿತನವನ್ನು ಮರುಪರಿಶೀಲಿಸಿ ಎಂದಿತು. ಲಿಂಗಭೇದದ ಕಲೆ ಇರುವ ಎಲ್ಲ ಸೇವಾ ನಿಯಮಗಳನ್ನೂ ಯಾರಾದರೂ ಕೋರ್ಟಿಗೆ ಬರುವವರೆಗೆ ಕಾಯದೆ ತೊಳೆದುಹಾಕಿ ಎಂಬ ಮಾತನ್ನೂ ಸೇರಿಸಿತು.

ನನ್ನನ್ನು ಕಾಡುವುದು ಆ ಕೆಲವು ತಿಂಗಳು. ಮೂವತ್ತು ವರ್ಷ ಸೇವೆ ಮಾಡಿದ ಅಧಿಕಾರಿಗೆ ಆ ಅವಧಿಯಲ್ಲಿ ಯಾವ ಹೊಸ ಗುಣ ಬಂದುಬಿಟ್ಟಿತು? ಹೊಸದಾಗಿ ಬಂದದ್ದು ಕೋರ್ಟಿನ ನೋಟಿಸು ಒಂದೇ.

ಮುತ್ತಮ್ಮನವರ ಓರಗೆಯವರೇ ಆದ ಅನ್ನಾ ರಾಜಂ ಜಾರ್ಜ್ ಅವರ ಕಥೆಯೂ ಹೀಗೆಯೇ ಶುರುವಾಗುತ್ತದೆ. 1951ರ ತಂಡದ ಅವರು ಮೊದಲ ಮಹಿಳಾ ಐಎಎಸ್ ಅಧಿಕಾರಿ. ಮದುವೆಯಾದರೆ ಸೇವೆ ಮುಗಿಯಿತು ಎಂಬ ಷರತ್ತು ಅವರ ನೇಮಕಾತಿ ಆದೇಶದಲ್ಲೇ ಇತ್ತು. ಸಬ್ ಕಲೆಕ್ಟರಾಗಿ ಹೋದದ್ದು ನಮ್ಮ ಬೆಂಗಳೂರಿನ ಪಕ್ಕದ ಹೊಸೂರಿಗೆ. ಷರತ್ತು ಆಮೇಲೆ ಬಿದ್ದುಹೋಯಿತು, ಅವರು ಮದುವೆಯೂ ಆದರು, ನಿವೃತ್ತಿಯವರೆಗೆ ಕೆಲಸವನ್ನೂ ಮಾಡಿದರು. ಏರ್ ಇಂಡಿಯಾದ ಗಗನಸಖಿಯರು ಮೊದಲ ಬಸಿರಿಗೇ ಕೆಲಸ ಬಿಡಬೇಕೆಂಬ ನಿಯಮ ಬೀಳಲು ಮಾತ್ರ 1981ರ ಸುಪ್ರೀಂ ಕೋರ್ಟಿನ ತೀರ್ಪೇ ಬರಬೇಕಾಯಿತು.

ಇವೆಲ್ಲ ಬರೆದಿಟ್ಟ ನಿಯಮಗಳು. ಬರೆದಿಟ್ಟದ್ದಕ್ಕೆ ಒಂದು ಅನುಕೂಲವಿದೆ, ಅದನ್ನು ಕೋರ್ಟಿಗೆ ಒಯ್ಯಬಹುದು. ಬರೆಯದೇ ಇರುವ ನಿಯಮವನ್ನು ಎಲ್ಲಿಗೆ ಒಯ್ಯುವುದು? ಇದು ನನಗೆ ಗೊತ್ತಿರುವುದು ಪುಸ್ತಕದಿಂದಲ್ಲ. ಅಂಥ ನಿಯಮವೊಂದನ್ನು ಮೂರು ವರ್ಷ ಕೈಯಾರೆ ಜಾರಿ ಮಾಡಿದವನು ನಾನೇ.

ಆಗ ನಾನು ಒಂದು ದಿನಪತ್ರಿಕೆಯ ಸುದ್ದಿ ವಿಭಾಗದಲ್ಲಿ ಡೆಸ್ಕಿನ ಮುಖ್ಯಸ್ಥ. ವಾರದ ಪಾಳಿಪಟ್ಟಿ ಬರೆಯುವುದು ನನ್ನ ಕೆಲಸ. ಡೆಸ್ಕಿನಲ್ಲಿ ಒಬ್ಬ ಉಪಸಂಪಾದಕಿ ಇದ್ದಳು. ತಲೆಬರಹ ಕೊಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಜಿಲ್ಲೆಯ ವರದಿಗಾರ ಕಳಿಸಿದ ಕಲಸುಮೇಲೋಗರವನ್ನು ಹತ್ತು ನಿಮಿಷದಲ್ಲಿ ಸುದ್ದಿ ಮಾಡುತ್ತಿದ್ದಳು. ಆದರೆ ರಾತ್ರಿ ಪಾಳಿಯ ಉಸ್ತುವಾರಿಯನ್ನು, ಅಂದರೆ ಕೊನೆಯ ಆವೃತ್ತಿಯ ಮುಖಪುಟ ಬಿಡುವ ಹೊಣೆಯನ್ನು, ನಾನು ಅವಳಿಗೆ ಹಾಕುತ್ತಿರಲಿಲ್ಲ. ಮಗು ಚಿಕ್ಕದು, ಪಾಪ ಎಂದುಕೊಳ್ಳುತ್ತಿದ್ದೆ. ನನ್ನಷ್ಟು ಒಳ್ಳೆಯ ಬಾಸು ಅವಳಿಗೆ ಇನ್ನೆಲ್ಲಿ ಸಿಗಬೇಕು ಎಂದೂ ಒಳಗೊಳಗೇ ಅಂದುಕೊಂಡಿರಬೇಕು.

ಮುಖ್ಯ ಉಪಸಂಪಾದಕರ ಬಡ್ತಿಯ ಸಮಯ ಬಂತು. ಆಡಳಿತ ವಿಭಾಗದಿಂದ ಒಂದು ನಮೂನೆ ಬಂತು, ಎಲ್ಲರ ಬಗ್ಗೆಯೂ ನಾನೇ ತುಂಬಬೇಕಾದದ್ದು. ಅದರಲ್ಲೊಂದು ಅಂಕಣ: ರಾತ್ರಿ ಆವೃತ್ತಿಯನ್ನು ಸ್ವತಂತ್ರವಾಗಿ ನಿಭಾಯಿಸಿದ ಅನುಭವ. ಅವಳ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದೆ. ಸುಳ್ಳೇನೂ ಬರೆಯಲಿಲ್ಲ ನೋಡಿ. ಬಡ್ತಿ ಅವಳಿಗಿಂತ ಎರಡು ವರ್ಷ ಕಿರಿಯನಿಗೆ ಹೋಯಿತು. ಅವಳ ಅರ್ಹತೆಯಲ್ಲಿ ಕೊರತೆ ಇತ್ತು, ದಾಖಲೆಯೇ ಹೇಳುತ್ತಿತ್ತು. ಆ ಕೊರತೆಯನ್ನು ವಾರ ವಾರ ಪೆನ್ಸಿಲ್ ಹಿಡಿದು ನಾನೇ ತಯಾರಿಸಿದ್ದೆ ಎಂಬುದಕ್ಕೆ ಮಾತ್ರ ಯಾವ ನಮೂನೆಯಲ್ಲೂ ಅಂಕಣವಿರಲಿಲ್ಲ.

ಒಂದು ಸಂಜೆ ಅವಳು ಬಂದು ಕೇಳಿದಳು. ‘ಸರ್, ನನಗೆ ನೈಟ್ ಚಾರ್ಜ್ ಯಾಕೆ ಹಾಕಲ್ಲ?’

‘ಮಗು ಇದೆಯಲ್ಲಮ್ಮಾ ನಿಮಗೆ.’

‘ಪಕ್ಕದ ಟೇಬಲ್ ಸರ್‌ಗೂ ಇದೆ. ಅದೇ ವಯಸ್ಸು. ಅವರನ್ನ ಯಾವತ್ತಾದ್ರೂ ಕೇಳಿದೀರಾ? ಹೋಗ್ಲಿ, ನನ್ನನ್ನಾದ್ರೂ ಕೇಳಿದ್ರಾ?’

ಕೃಷ್ಣ ಅಯ್ಯರ್ ಅವರ ತೀರ್ಪನ್ನು ಅವಳು ಓದಿರಲಿಲ್ಲ. ನಾನೂ ಆಗ ಓದಿರಲಿಲ್ಲ.

ಸುಧಾ ಮೂರ್ತಿಯವರು ಟಾಟಾ ಕಂಪನಿಗೆ ಬರೆದ ಪೋಸ್ಟ್‌ಕಾರ್ಡಿನ ಕಥೆ ಎಲ್ಲರಿಗೂ ಗೊತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೋಟಿಸ್ ಬೋರ್ಡಿನಲ್ಲಿ ಟೆಲ್ಕೊ ಜಾಹೀರಾತು, ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಸಾಲು, ಸಿಟ್ಟಿಗೆದ್ದ ಹುಬ್ಬಳ್ಳಿಯ ಹುಡುಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದ ಕಾರ್ಡು, ಪುಣೆಗೆ ಸಂದರ್ಶನದ ಕರೆ, ಕೆಲಸ. ಹುಡುಗಿಯ ಧೈರ್ಯದ ಪಾಠವಾಗಿ ಇದನ್ನು ಹೇಳುತ್ತೇವೆ. ಡೆಸ್ಕಿನ ಪ್ರಸಂಗ ಆದಮೇಲೆ ನನಗೆ ಆ ಕಥೆಯಲ್ಲಿ ಕಾಣಿಸತೊಡಗಿದವನು ಬೇರೆ ಒಬ್ಬ: ಆ ಸಾಲನ್ನು ಜಾಹೀರಾತಿಗೆ ಸೇರಿಸಿದವನು. ಅವನಿಗೆ ಹೆಂಗಸರ ಮೇಲೆ ದ್ವೇಷವಿತ್ತೆಂದು ನನಗನ್ನಿಸುವುದಿಲ್ಲ. ಗ್ರೀಸು, ಶಬ್ದ, ಪಾಳಿ, ಇದರಲ್ಲಿ ಹೆಣ್ಣುಮಕ್ಕಳು ಯಾಕೆ ಕಷ್ಟಪಡಬೇಕು ಎಂದು ಕರುಣೆಯಿಂದಲೇ ಬರೆದಿರಬಹುದು, ನನ್ನ ಹಾಗೆ. ಮುಖ್ಯಸ್ಥನಾದವನು ಒಂದು ಕಾರ್ಡು ಓದಿ ಕಂಪನಿಯ ರೂಢಿಯನ್ನು ತಿದ್ದಿಕೊಂಡದ್ದು ಕಥೆಯ ಅರ್ಧ ಭಾಗ. ಕಾರ್ಡು ಬರೆಯದೆ ನೋಟಿಸ್ ಬೋರ್ಡಿನ ಮುಂದಿನಿಂದ ಸುಮ್ಮನೆ ಹೊರಟುಹೋದವರು ಎಷ್ಟು ಮಂದಿಯೋ.

ಅರ್ಹತೆ ಅಳೆಯುವ ಕಿವಿಯೇ ಬದಲಾಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಪ್ರಯೋಗವಿದೆ. ಅದಕ್ಕೆ ಮುಂಚೆ ನಮ್ಮದೇ ಒಂದು ಮಾತು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಸ್ಥಾನ ಕಾದಿರಿಸಿ ಕರ್ನಾಟಕ 1983ರಲ್ಲೇ ಕಾನೂನು ಮಾಡಿತು, 1987ರ ಚುನಾವಣೆಯಲ್ಲಿ ಶೇ 25ರಷ್ಟು ಮೀಸಲಾತಿ ಕೊಟ್ಟಿತು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಕೊಟ್ಟ 73ನೇ ತಿದ್ದುಪಡಿ ಬಂದದ್ದು ಆಮೇಲೆ, 1993ರಲ್ಲಿ. ಅಧ್ಯಕ್ಷೆಯ ಗಂಡ ಮೀಟಿಂಗಿಗೆ ಬಂದು ಕೂರುವುದನ್ನು ನಾವೆಲ್ಲ ನೋಡಿ ನಕ್ಕಿದ್ದೇವೆ. ಪೇಟೆಯ ದೊಡ್ಡವರೂ ಕಮ್ಮಿಯಿಲ್ಲ. ಕಂಪನಿಯ ಆಡಳಿತ ಮಂಡಳಿಯಲ್ಲಿ ಒಬ್ಬರಾದರೂ ಮಹಿಳೆ ಇರಬೇಕೆಂದು 2013ರ ಕಂಪನಿ ಕಾಯ್ದೆ ಹೇಳಿದಾಗ ಎಷ್ಟೋ ಮಾಲೀಕರು ಹೆಂಡತಿಯನ್ನೋ ಮಗಳನ್ನೋ ತಂದು ಕೂರಿಸಿದರು. ದೊಡ್ಡ ಕಂಪನಿಗಳಲ್ಲಿ ಆ ಮಹಿಳೆ ಮನೆಯವರಲ್ಲದ ಸ್ವತಂತ್ರ ನಿರ್ದೇಶಕಿಯೇ ಆಗಿರಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ಮತ್ತೆ ನಿಯಮ ಮಾಡಬೇಕಾಯಿತು. ಹಳ್ಳಿಯ ಗಂಡನನ್ನು ನೋಡಿ ನಕ್ಕಷ್ಟು ನಾವು ಈ ಮಾಲೀಕರನ್ನು ನೋಡಿ ನಗಲಿಲ್ಲ.

ಈಗ ಪ್ರಯೋಗ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ನಡೆದದ್ದು, ಪ್ರಕಟವಾದದ್ದು 2009ರಲ್ಲಿ. ಮುಂದೆ ನೊಬೆಲ್ ಪಡೆದ ಎಸ್ತರ್ ಡಫ್ಲೊ ಆ ತಂಡದಲ್ಲಿದ್ದರು, ರೋಹಿಣಿ ಪಾಂಡೆಯವರೂ ಇದ್ದರು. ಪ್ರಧಾನರ ಹುದ್ದೆ ಯಾವ ಪಂಚಾಯಿತಿಯಲ್ಲಿ ಮಹಿಳೆಗೆ ಮೀಸಲಾಗಬೇಕು ಎಂಬುದು ಅಲ್ಲಿ ಸರದಿಯ ಮೇಲೆ, ಒಂಥರಾ ಚೀಟಿ ಎತ್ತಿದಂತೆ, ನಿರ್ಧಾರವಾಗುತ್ತಿತ್ತು. ಆದ್ದರಿಂದ ಮಹಿಳೆಯ ಆಡಳಿತ ಕಂಡ ಊರು, ಕಾಣದ ಊರು ಎರಡನ್ನೂ ಹೋಲಿಸಬಹುದಿತ್ತು. ಸಂಶೋಧಕರು ಊರಿನವರಿಗೆ ಧ್ವನಿಮುದ್ರಿಸಿದ ಒಂದು ಭಾಷಣ ಕೇಳಿಸಿದರು. ಅದೇ ಭಾಷಣ, ಅದೇ ಮಾತು. ಕೆಲವರಿಗೆ ಗಂಡಿನ ದನಿಯಲ್ಲಿ, ಕೆಲವರಿಗೆ ಹೆಣ್ಣಿನ ದನಿಯಲ್ಲಿ. ಈ ನಾಯಕರು ಎಷ್ಟು ಸಮರ್ಥರು ಹೇಳಿ ಎಂದರು. ಮಹಿಳಾ ಪ್ರಧಾನರನ್ನು ಎಂದೂ ಕಂಡಿರದ ಊರುಗಳಲ್ಲಿ ಗಂಡಸರು ಗಂಡಿನ ದನಿಗೆ ಹೆಚ್ಚು ಅಂಕ ಕೊಟ್ಟರು. ಕಂಡಿದ್ದ ಊರುಗಳಲ್ಲಿ ಆ ಅಂತರ ಕರಗಿಹೋಗಿತ್ತು. ಎರಡು ಅವಧಿ ಮಹಿಳೆಯರನ್ನು ಕಂಡ ಊರುಗಳಲ್ಲಿ ಮೀಸಲಾತಿ ಇಲ್ಲದ ಸ್ಥಾನಗಳಲ್ಲೂ ಹೆಚ್ಚು ಹೆಂಗಸರು ನಿಂತರು, ಗೆದ್ದರು.

ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು. ನಾಯಕ ಗಂಡಸೇ ಆಗಿದ್ದರೆ ಚೆನ್ನ ಎಂಬ ಒಳಗಿನ ಆಸೆ ಅಷ್ಟಾಗಿ ಬದಲಾಗಲಿಲ್ಲ. ಆಕೆ ಕೆಲಸ ಬಲ್ಲಳು ಎಂದು ಒಪ್ಪಿಕೊಂಡರು, ಇಷ್ಟಪಡುವುದನ್ನು ಕಲಿಯಲಿಲ್ಲ. ಇದನ್ನು ಓದಿದಾಗ ನನಗೆ ನಿರಾಶೆಗಿಂತ ಹೆಚ್ಚಾಗಿ ಸಮಾಧಾನವಾಯಿತು. ಇಷ್ಟಪಡಲಿ ಎಂದು ಕಾಯುತ್ತ ಕೂತರೆ ಆಯುಷ್ಯ ಮುಗಿಯುತ್ತದೆ. ಕಚೇರಿಗಳಲ್ಲಿ ಇವತ್ತು ನಡೆಯುವ ಒಳಗೊಳ್ಳುವಿಕೆಯ ಕಾರ್ಯಾಗಾರಗಳು, ಮಾರ್ಚ್ 8ರ ಗುಲಾಬಿ ಹೂವು, ಕೇಕು, ಎಲ್ಲ ಮನಸ್ಸು ಬದಲಿಸುವ ಕಸರತ್ತು. ಪಾಳಿಪಟ್ಟಿ ಬದಲಿಸುವುದು ಅದಕ್ಕಿಂತ ಸುಲಭ, ಖರ್ಚೂ ಕಡಿಮೆ.

ಕುರ್ಚಿಯ ಮೇಲೆ ಯಾರು ಕೂತರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರು ಕಣ್ಣಾರೆ ಕಂಡದ್ದು 2019ರಲ್ಲಿ. ಕರ್ನಾಟಕ ಜಾನಪದ ಅಕಾಡೆಮಿಗೆ ಮಂಜಮ್ಮ ಜೋಗತಿ ಅಧ್ಯಕ್ಷರಾದರು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದವರು. ಮನೆ ಬಿಟ್ಟು, ಭಿಕ್ಷೆ ಬೇಡಿ, ಸಾಯಲು ಹೋಗಿ ಬದುಕಿ, ಕಾಳವ್ವ ಜೋಗತಿಯ ಕೈಕೆಳಗೆ ಜೋಗತಿ ನೃತ್ಯ ಕಲಿತವರು. ತಲೆಯ ಮೇಲೆ ಕೊಡ, ಜೊತೆಗೆ ಚೌಡಿಕೆಯ ದನಿ.

ಜಾನಪದದ ವೇದಿಕೆಗಳಲ್ಲಿ ಮೊದಲಿನಿಂದಲೂ ಒಂದು ಅಲಿಖಿತ ಏರ್ಪಾಡು ಇದೆ. ಕಲಾವಿದರು ಕುಣಿಯುತ್ತಾರೆ, ವಿದ್ವಾಂಸರು ಅದರ ಬಗ್ಗೆ ಮಾತಾಡುತ್ತಾರೆ. ಒಬ್ಬರು ಅಧ್ಯಯನದ ವಸ್ತು, ಇನ್ನೊಬ್ಬರು ಅಧ್ಯಯನಕಾರರು. ವಸ್ತುವೇ ಎದ್ದು ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತರೆ? ಅನುದಾನದ ಕಡತಕ್ಕೆ ಸಹಿ ಮಾಡುವ ಕೈ, ಮಾಸಾಶನಕ್ಕೆಂದು ಇಂಥದೇ ಕಚೇರಿಗಳಿಗೆ ಅಲೆದ ಕಲಾವಿದರ ನಡುವೆಯೇ ಬೆಳೆದ ಕೈ. ಅಕಾಡೆಮಿಯನ್ನು ಮುನ್ನಡೆಸಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದು ಹರಸಿದರು. ದರ್ಬಾರ್ ಹಾಲಿನ ಶಿಷ್ಟಾಚಾರದ ಪಟ್ಟಿಯಲ್ಲಿ ಅದು ಇದ್ದಿರಲಾರದು. ರಾಷ್ಟ್ರಪತಿಗಳು ಅದನ್ನು ಗೌರವದಿಂದ ಸ್ವೀಕರಿಸಿದರು.

ಅದೇ 2021ರಲ್ಲಿ ಕರ್ನಾಟಕ ತನ್ನ ಸಿವಿಲ್ ಸೇವೆಗಳ ನೇಮಕಾತಿ ನಿಯಮ ತಿದ್ದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಹುದ್ದೆ ಮೀಸಲಿಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ತನ್ನಷ್ಟಕ್ಕೆ ಹೊಳೆದು ಮಾಡಿದ್ದಲ್ಲ, ಹೈಕೋರ್ಟಿನಲ್ಲಿ ಅರ್ಜಿ ಇತ್ತು. ಮುತ್ತಮ್ಮನವರ ಕಾಲದಿಂದ ಇದೊಂದು ಮಾತ್ರ ಹಾಗೆಯೇ ನಡೆದುಬಂದಿದೆ.

ಬದಲಾದದ್ದೂ ಇದೆ. 2024ರ ಜುಲೈ ಕೊನೆಯಲ್ಲಿ ವಿಧಾನಸೌಧದಲ್ಲಿ ರಜನೀಶ್ ಗೋಯಲ್ ಮುಖ್ಯ ಕಾರ್ಯದರ್ಶಿ ಹುದ್ದೆಯಿಂದ ನಿವೃತ್ತರಾಗಿ ಅಧಿಕಾರವನ್ನು ಹಸ್ತಾಂತರಿಸಿದ್ದು ತಮ್ಮ ಪತ್ನಿ ಶಾಲಿನಿ ರಜನೀಶ್ ಅವರಿಗೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಕೇರಳದಲ್ಲೂ ಅದೇ ದೃಶ್ಯ. ವಿ. ವೇಣು ಅವರ ಜಾಗಕ್ಕೆ ಪತ್ನಿ ಶಾರದಾ ಮುರಳೀಧರನ್ ಬಂದರು. ವಿವಾಹಿತೆಗೆ ನೇಮಕದ ಹಕ್ಕಿಲ್ಲ ಎಂದು ಬರೆದ ಕೈ ಇದನ್ನು ಕಂಡಿದ್ದರೆ ಏನೆನ್ನುತ್ತಿತ್ತೋ. ಆದರೆ ಶಾರದಾ ಅವರು 2025ರ ಮಾರ್ಚಿನಲ್ಲಿ ಫೇಸ್‌ಬುಕ್‌ನಲ್ಲಿ ಒಂದು ಟಿಪ್ಪಣಿ ಬರೆದರು. ಗಂಡನ ಆಡಳಿತ ಎಷ್ಟು ಬೆಳ್ಳಗಿತ್ತೋ ನಿಮ್ಮದು ಅಷ್ಟೇ ಕಪ್ಪು ಎಂಬ ಅರ್ಥದ ಮಾತನ್ನು ಯಾರೋ ಆಡಿದ್ದರಂತೆ. ಮೈಬಣ್ಣದ ಮೇಲಿನ ಕುಹಕ. ರಾಜ್ಯದ ಇಡೀ ಆಡಳಿತ ಯಂತ್ರದ ತಲೆಯ ಮೇಲೆ ಕೂತವರಿಗೇ ಇದನ್ನು ಹೇಳುವ ಸಲಿಗೆ ಸಿಗುವುದಾದರೆ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳಿಗೆ, ಸಾಲುಗಳ ನಡುವೆ ಟಾರ್ಗೆಟ್ ಟಾರ್ಗೆಟ್ ಎಂದು ಓಡಾಡುವ ಸೂಪರ್‌ವೈಸರ್ ಏನೇನು ಹೇಳಬಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಅವಳು ಫೇಸ್‌ಬುಕ್‌ನಲ್ಲಿ ಬರೆದರೆ ಪತ್ರಿಕೆಯಲ್ಲಿ ಬರುವುದೂ ಇಲ್ಲ.

ಮುತ್ತಮ್ಮ 1982ರಲ್ಲಿ ನಿವೃತ್ತರಾದರು. ‘ಸ್ಲೇನ್ ಬೈ ದ ಸಿಸ್ಟಂ’ ಎಂಬ ಪುಸ್ತಕ ಬರೆದರು, ಕೊಡವರ ಅಡುಗೆಯ ಪುಸ್ತಕವೊಂದರಲ್ಲೂ ಅವರ ಹೆಸರಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನಗಿಷ್ಟ. 2009ರ ಆಗಸ್ಟಿನಲ್ಲಿ, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ನಿರುಪಮಾ ರಾವ್ ವಿದೇಶಾಂಗ ಕಾರ್ಯದರ್ಶಿಯಾದರು. ಆ ಕುರ್ಚಿಗೆ ಬಂದ ಎರಡನೇ ಮಹಿಳೆ. ಮೊದಲನೆಯವರು 2001ರಲ್ಲಿ ಚೋಕಿಲಾ ಅಯ್ಯರ್. ನಿರುಪಮಾ ಆ ಕುರ್ಚಿಗೆ ಬಂದ 2009ರ ಅಕ್ಟೋಬರಿನಲ್ಲಿ ಮುತ್ತಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. 85 ವರ್ಷವಾಗಿತ್ತು.

ನಮ್ಮ ಡೆಸ್ಕಿನಲ್ಲಿ ಆಮೇಲೆ ಏನಾಯಿತೆಂದು ಹೇಳಿಬಿಡುತ್ತೇನೆ. ಮುಂದಿನ ವಾರದ ಪಾಳಿಪಟ್ಟಿಯಲ್ಲಿ ಅವಳ ಹೆಸರನ್ನು ರಾತ್ರಿ ಉಸ್ತುವಾರಿಗೆ ಹಾಕಿದೆ. ಪಕ್ಕದ ಟೇಬಲ್ಲಿನವನ ಹೆಸರನ್ನೂ ಹಾಕಿದೆ, ಅವನನ್ನು ಕೇಳಿಯೇ. ಕೇಳಿದ್ದಕ್ಕೆ ಅವನು ಬೆರಗಾದ. ಮೊದಲ ರಾತ್ರಿ ನನ್ನ ಪಾಳಿ ಮುಗಿದರೂ ನಾನು ಎದ್ದು ಹೋಗಲಿಲ್ಲ. ಏಜೆನ್ಸಿ ಸುದ್ದಿ ಓದುವವನಂತೆ ನಟಿಸುತ್ತ ಕೂತಿದ್ದೆ. ಹನ್ನೊಂದು ಗಂಟೆಗೆ ಎಲ್ಲೋ ರೈಲು ಹಳಿ ತಪ್ಪಿದ ಸುದ್ದಿ ಬಂತು. ಮುಖಪುಟ ಒಡೆಯಬೇಕು. ಬಾಯಿ ತೆರೆಯಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಎರಡನೇ ಲೀಡನ್ನು ಒಳಪುಟಕ್ಕೆ ತಳ್ಳಿ ಹೊಸ ತಲೆಬರಹವನ್ನು ಕೂಗಿ ಹೇಳುತ್ತಿದ್ದಳು. ಪುಟವಿನ್ಯಾಸದ ಹುಡುಗ ಟೈಪು ಮಾಡುತ್ತಿದ್ದ.

ಪುಟ ಹೋದಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು. ‘ಸರ್, ಹನ್ನೆರಡೂಕಾಲಾಯ್ತು. ಆಫೀಸ್ ಜೀಪು ಕೆಳಗೆ ನಿಂತಿದೆ. ನೀವು ಹೊರಡಿ, ಮನೇಲಿ ಕಾಯ್ತಿರ್ತಾರೆ.’